ಓದಲು ಬಾರದ ಅವ್ವನ ಪುಸ್ತಕ

ಸಿ. ಬೆಳಗಲ್‌ನ ಬಸ್ ನಿಲ್ಲುವ ಕಡೆ ಒಂದು ಗಂಟೆ ಕೂತರೆ ಸಾಕು, ಗಡಿ ಅಂದರೆ ಏನು ಅಂತ ತಿಳಿಯುತ್ತದೆ. ಕಡಲೆಕಾಯಿ ರೇಟು ಕೇಳೋದು ತೆಲುಗಿನಲ್ಲಿ, ಆದೋನಿ ಹತ್ತಿ ಮಾರುಕಟ್ಟೆಯ ಸುದ್ದಿ ಹೇಳೋದು ತೆಲುಗಿನಲ್ಲಿ. ಆದರೆ ಬಳ್ಳಾರಿ ಕಡೆಯಿಂದ ಬಂದ ಬೀಗರು ಸಿಕ್ಕರೆ ಮಾತು ತಾನೇ ಕನ್ನಡಕ್ಕೆ ಹೊರಳುತ್ತದೆ. ಊರಿನ ಹೆಸರೇ ಕನ್ನಡದ ಕಿವಿಗೆ ಕಲ್ಲು ಅಂತ ಕೇಳಿಸುತ್ತದೆ. ಇದನ್ನು ಯಾರೂ ವಿಶೇಷ ಅಂತ ತಿಳಿಯುವುದಿಲ್ಲ.

ಹೋದ ಬೇಸಿಗೆಯಲ್ಲಿ ಆ ಕಡೆ ಹೋಗಿದ್ದಾಗ ಚಹಾ ಅಂಗಡಿಯಲ್ಲಿ ಎಂಬತ್ತರ ಆಚೆಗಿನ ಒಬ್ಬ ತಾತ ಸಿಕ್ಕರು. ನಾನು ಕನ್ನಡ ಪತ್ರಿಕೆ ಓದುತ್ತಿದ್ದುದನ್ನು ನೋಡಿ ಹತ್ತಿರ ಬಂದು ಕೂತರು. "ಸಾರು, ಕನ್ನಡ ಓದಾಕ ಬರ್ತೈತೇನ್ರಿ? ಮನ್ಯಾಗ ನಮ್ಮವ್ವನ ಒಂದು ಬೈಬಲ್ ಐತ್ರಿ. ಅವ್ವ ಬಳ್ಳಾರಿ ಕಡೆಯಾಕಿ. ನನಗ ಮಾತಾಡಾಕ ಬರ್ತೈತಿ, ಓದಾಕ ಬರಂಗಿಲ್ಲ. ಅದರಾಗ ಅವ್ವ ಏನೋ ಬರದಾಳ. ಒಂದೀಟು ನೋಡಿ ಹೇಳ್ರಿ" ಅಂದರು. ಬಸ್ಸಿಗೆ ಇನ್ನೂ ಹೊತ್ತಿತ್ತು. ಅವರ ಹಿಂದೆ ಹೋದೆ.

ವ್ಯಾಕರಣ ಇಲ್ಲದ ಕಾಲ

ಆ ಪುಸ್ತಕದ ಕಥೆ ಹೇಳಬೇಕಾದರೆ ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿಯ ಜೊತೆಗೇ ಇದ್ದವು. ಅವು ಆಂಧ್ರಕ್ಕೆ ಹೋದದ್ದು 1953ರ ಅಕ್ಟೋಬರ್ 1ರಂದು. ಹೀಗಾಗಿ ಬಳ್ಳಾರಿಯಲ್ಲಿ ನಡೆದದ್ದು ಆಗ ಪರರಾಜ್ಯದ ಸುದ್ದಿಯಲ್ಲ, ನಮ್ಮ ಮನೆಯ ಸುದ್ದಿ.

1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದರು. ಆಗ ಕಂಪನಿಗೆ ಪಾದ್ರಿಗಳೆಂದರೆ ಅಷ್ಟಕ್ಕಷ್ಟೆ. ಜನ ರೊಚ್ಚಿಗೆದ್ದರೆ ವ್ಯಾಪಾರ ಕೆಡುತ್ತದೆ ಎಂಬ ಭಯ. 1813ರ ಹೊಸ ಸನ್ನದು ಬಂದ ಮೇಲೆಯೇ ಬಾಗಿಲು ಸ್ವಲ್ಪ ತೆರೆದದ್ದು. ಹ್ಯಾಂಡ್ಸ್ ಬಂದಾಗ ಅಚ್ಚಾದ ಒಂದು ಕನ್ನಡ ವ್ಯಾಕರಣವೂ ಇರಲಿಲ್ಲ. ವಿಲಿಯಂ ಕೇರಿ ಬರೆದ ವ್ಯಾಕರಣ ಶ್ರೀರಾಮಪುರದಲ್ಲಿ ಅಚ್ಚಾದದ್ದು 1817ರಲ್ಲಿ. ಅಂದಮೇಲೆ ಮುನ್ಷಿಯನ್ನು ಮುಂದೆ ಕೂಡಿಸಿಕೊಂಡು ಒಂದೊಂದೇ ಮಾತು ಕೇಳಿ ಬರೆದುಕೊಳ್ಳುವುದೇ ದಾರಿ.

ನಮ್ಮ ಸೀಮೆಯಲ್ಲಿ ಅದಕ್ಕೆ ಇನ್ನೊಂದು ತೊಡಕು. ಬರೆದುಕೊಂಡ ಮಾತು ಕನ್ನಡವೋ ತೆಲುಗೋ? ಎರಡೂ ಕೂಡಿದ್ದೋ? ಇವತ್ತು ಹೊಸದಾಗಿ ಬಂದ ಬ್ಯಾಂಕಿನ ಮ್ಯಾನೇಜರಿಗೂ ಅದೇ ಫಜೀತಿ. ಆದರೆ ಮ್ಯಾನೇಜರಿಗೆ ವರ್ಗಾವಣೆ ಇದೆ. ಆ ಪಾದ್ರಿಗಳು ದಶಕಗಟ್ಟಲೆ ಇಲ್ಲೇ ಉಳಿದರು.

ದಿನದ ಬದುಕು

ಊರಿನಿಂದ ಕಾಗದ ಬರಬೇಕೆಂದರೆ ಹಡಗು ಆಫ್ರಿಕವನ್ನು ಸುತ್ತಿ ಬರಬೇಕು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ತಾಯಿ ತೀರಿಕೊಂಡ ಸುದ್ದಿ ಮಗನಿಗೆ ತಲುಪುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತಿದ್ದವು. ಇಲ್ಲಿಯ ಬೇಸಿಗೆ ನಮಗೇ ತಡೆಯಲಾಗದ್ದು, ಅವರಿಗೆ ಹೇಗಾಗಿರಬೇಡ! ಮೇಲೆ ಕಾಲರಾ. ಮದ್ರಾಸ್ ಗವರ್ನರ್ ಥಾಮಸ್ ಮನ್ರೋ ಅಂಥವರೇ 1827ರ ಜುಲೈಯಲ್ಲಿ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡರು. ಬಡ ಪಾದ್ರಿಯ ಮನೆಯ ಗತಿ ಊಹಿಸಿಕೊಳ್ಳಬಹುದು.

ಬೆಳಗ್ಗೆ ಮುನ್ಷಿಯ ಜೊತೆ ಭಾಷಾಂತರ. ಆಮೇಲೆ ಶಾಲೆ. ಸಂತೆಯ ದಿನ ಸಂತೆ, ಜಾತ್ರೆಯ ಕಾಲಕ್ಕೆ ಜಾತ್ರೆ. ಹಂಪಿಯ ಜಾತ್ರೆಗೂ ಹೋಗಿ ಬೋಧನೆ ಮಾಡುತ್ತಿದ್ದರು. ಜನ ಕೇಳುತ್ತಿದ್ದರು, ವಾದ ಹಾಕುತ್ತಿದ್ದರು, ನಗುತ್ತಿದ್ದರು, ಎದ್ದು ಹೋಗುತ್ತಿದ್ದರು. ವರ್ಷಗಟ್ಟಲೆ ದುಡಿದರೂ ಮತಕ್ಕೆ ಬಂದವರು ಕೆಲವೇ ಮಂದಿ. ಲಾಭ ನಷ್ಟದ ಲೆಕ್ಕ ಹಾಕುವ ವ್ಯಾಪಾರಿ ಆಗಿದ್ದರೆ ಎರಡನೇ ವರ್ಷವೇ ಅಂಗಡಿ ಮುಚ್ಚುತ್ತಿದ್ದ.

ಆದರೆ ಪಾದ್ರಿಗಳು ಎಣಿಸದ ಬೆಳೆಯೊಂದು ಬಂತು. 1831ರಲ್ಲಿ ಇಡೀ ಬೈಬಲ್ ಕನ್ನಡದಲ್ಲಿ ಬಳ್ಳಾರಿಯಲ್ಲೇ ಅಚ್ಚಾಯಿತು. ಹ್ಯಾಂಡ್ಸ್ ಬಂದು ಇಪ್ಪತ್ತೊಂದು ವರ್ಷಕ್ಕೆ. ಅವರ ಜೊತೆಗಾರ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ, 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟರು. ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಶುರು ಮಾಡಿದ ಕಲ್ಲಚ್ಚಿನ 'ಮಂಗಳೂರ ಸಮಾಚಾರ' ಮರುವರ್ಷ ಅಚ್ಚಿನ ಮೊಳೆ ಹುಡುಕಿಕೊಂಡು ಬಂದದ್ದು ಬಳ್ಳಾರಿಗೇ. ಇಲ್ಲಿ ಅದು 'ಕನ್ನಡ ಸಮಾಚಾರ' ಆಯಿತು. ಕಿಟ್ಟೆಲ್‌ರ ದೊಡ್ಡ ನಿಘಂಟು ಬಂದದ್ದು 1894ರಲ್ಲಿ. ಅದಕ್ಕೂ ಅರವತ್ತು ವರ್ಷ ಮೊದಲೇ ನಮ್ಮ ಸೀಮೆಯಲ್ಲಿ ಶಬ್ದ ಕೂಡಿಡುವ ಕೆಲಸ ನಡೆದಿತ್ತು.

ಗಂಜಿಯ ಮಾತು

ಇಷ್ಟು ಹೇಳಿ ಸುಮ್ಮನಾದರೆ ತಕ್ಕಡಿ ಒಂದೇ ಕಡೆ ವಾಲುತ್ತದೆ. ಪಾದ್ರಿಗಳು ಬಂದದ್ದು ನಮ್ಮ ಭಾಷೆ ಉಳಿಸಲಿಕ್ಕಲ್ಲ, ತಮ್ಮ ಮತ ಹೇಳಲಿಕ್ಕೆ. ನಮ್ಮ ದೇವರುಗಳನ್ನು ಹಳಿದು ಬರೆದದ್ದೂ ಉಂಟು. 'ಹೊಟ್ಟೆಗಾಗಿ ಹೋದವರು' ಎಂಬ ಮಾತು ಇಂದಿಗೂ ನಮ್ಮ ಹಳ್ಳಿಗಳಲ್ಲಿ ಕೇಳುತ್ತದೆ.

1876ರಿಂದ 1878ರ ವರೆಗಿನ ಧಾತು ಕರುವಿನಲ್ಲಿ ಬಳ್ಳಾರಿ, ಕರ್ನೂಲು ಸೀಮೆಗಳು ಬೆಂದು ಹೋದವು. ಆ ಕಾಲದ ಒಂದು ಸಂಗತಿ ಒಂಗೋಲಿನದು. ಅಮೆರಿಕದ ಬ್ಯಾಪ್ಟಿಸ್ಟ್ ಪಾದ್ರಿ ಜಾನ್ ಕ್ಲೌ ಬಕಿಂಗ್‌ಹ್ಯಾಮ್ ಕಾಲುವೆಯ ಮೂರೂವರೆ ಮೈಲಿ ತೋಡುವ ಗುತ್ತಿಗೆ ಹಿಡಿದು, ಹಸಿದವರಿಗೆ ಕೂಲಿ ಕೊಟ್ಟರು. ಪರಿಹಾರದ ಕೆಲಸ ನಡೆಯುತ್ತಿರುವಾಗ ಯಾರಿಗೂ ದೀಕ್ಷಾಸ್ನಾನ ಕೊಡಲಿಲ್ಲ, ಕೂಳಿಗಾಗಿ ಬಂದರು ಎನ್ನಿಸಬಾರದು ಅಂತ. ಕೊನೆಗೆ 1878ರ ಜುಲೈ 3ರಂದು ಒಂದೇ ದಿನ 2,222 ಜನ ದೀಕ್ಷೆ ಪಡೆದರು. ಅವರಲ್ಲಿ ಬಹಳ ಮಂದಿ ಊರ ಹೊರಗಿನ ಕೇರಿಯವರು. ಅವರಿಗೆ ಬೇಕಾದದ್ದು ಗಂಜಿಯೋ, ದೇವರೋ, ಊರೊಳಗೆ ತಲೆಯೆತ್ತಿ ನಡೆಯುವ ಮರ್ಯಾದೆಯೋ? ಹೊರಗಿನವರು ತೀರ್ಪು ಕೊಡುವ ಮಾತಲ್ಲ ಅದು.

1947ರಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು. ಲಂಡನ್ ಮಿಷನ್ನಿನ ಸಭೆಗಳು ಅದರಲ್ಲಿ ಸೇರಿದವು, ಪರದೇಶಿ ಪಾದ್ರಿಗಳು ಕ್ರಮೇಣ ಹಿಂತಿರುಗಿದರು. ಉಳಿದದ್ದು ಶಾಲೆ, ಗುಡಿ, ಗೋರಿ, ಮತ್ತೆ ಪುಸ್ತಕ.

ಬಿಳಿ ಹಾಳೆ

ತಾತನ ಮನೆಯಲ್ಲಿ ಬೈಬಲ್ಲನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದರು. ಮೊದಲ ಬಿಳಿ ಹಾಳೆಯಲ್ಲಿ ದುಂಡಗಿನ ಕನ್ನಡ ಅಕ್ಷರ. ಮದುವೆಯಾಗಿ ಬಂದ ದಿನ. ಅದರ ಕೆಳಗೆ, 1939ರಲ್ಲಿ ಒಂದು ಹೆಣ್ಣು ಮಗು ಹುಟ್ಟಿದ್ದು. 1941ರಲ್ಲಿ ಆ ಮಗು ಜ್ವರದಿಂದ ಹೋದದ್ದು. ಆಮೇಲೆ 1943ರಲ್ಲಿ ಗಂಡು ಮಗು. ಅದು ತಾತನೇ.

ನಾನು ಓದಿ ಹೇಳಿದೆ. ತಾತ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. "ನಾನ ಹಿರೇಮಗ ಅಂತ ತಿಳ್ಕಂಡಿದ್ನೆಲ್ಲಪಾ. ನನಗೊಬ್ಬ ಅಕ್ಕ ಇದ್ಲಾ? ಅವ್ವ ಒಂದಿನನೂ ಹೇಳ್ಲಿಲ್ಲ" ಅಂದರು. ಇನ್ನೊಮ್ಮೆ ಓದಿಸಿದರು. ಹೆಸರು ಬಂದಾಗ ಅದನ್ನು ತಾವೂ ಮೆಲ್ಲಗೆ ಅಂದುಕೊಂಡರು.

ಬರವಣಿಗೆ ಅಲ್ಲಿಂದ ಮುಂದೆ ತೆಲುಗು. ತಾತನ ಮಕ್ಕಳು, ಮೊಮ್ಮಕ್ಕಳ ಹೆಸರುಗಳು. ಅದರಲ್ಲಿ ತಪ್ಪೇನಿಲ್ಲ; ಶಾಲೆ ತೆಲುಗು, ಕಚೇರಿ ತೆಲುಗು, ವ್ಯಾಪಾರ ತೆಲುಗು. ಆದರೆ ಸಮುದ್ರ ದಾಟಿ ಬಂದವನು ಇಪ್ಪತ್ತೊಂದು ವರ್ಷ ಕೂತು ನಮ್ಮ ಅಕ್ಷರದಲ್ಲಿ ಪುಸ್ತಕ ಮಾಡಿದ. ಆ ಅಕ್ಷರದಲ್ಲಿ ಒಬ್ಬ ತಾಯಿ ತನ್ನ ದುಃಖ ಬರೆದಿಟ್ಟಳು. ಮಗ ಅದನ್ನು ಎಂಬತ್ತು ವರ್ಷ ಮನೆಯಲ್ಲಿಟ್ಟುಕೊಂಡೂ ಓದಲಾರದೆ ಹೋದ. ಗಡಿಯಲ್ಲಿ ಕಳೆದುಹೋಗುವುದು ಅಂದರೆ ಇದು.

ಬಸ್ಸಿನ ಹಾರನ್ ಕೇಳಿಸಿತು. ತಾತ ಮೊಮ್ಮಗನನ್ನು ಕರೆದು ಪೆನ್ನು ತರಿಸಿದರು. "ಸಾರು ಓದ್ತಾರ, ನೀನು ತೆಲುಗಿನ್ಯಾಗ ಬರ್ಕೋ. ಅಕ್ಕನ ಹೆಸರು ಮೊದಲು ಬರಿ" ಅಂದರು.

ಹುಡುಗ ಬರೆದು ಮುಗಿಸುವಷ್ಟರಲ್ಲಿ ಬಸ್ಸು ಹೋಗಿತ್ತು. ಸಂಜೆಯ ಬಸ್ಸಿಗೆ ಬಂದೆ.