ಟೀ ಪಾರ್ಟಿ: ಗೆಲ್ಲಿಸಿದ್ದೆಷ್ಟು, ಸೋಲಿಸಿದ್ದೆಷ್ಟು

2009ರ ಏಪ್ರಿಲ್ 15, ಅಮೆರಿಕನ್ನರು ಆದಾಯ ತೆರಿಗೆಯ ಲೆಕ್ಕ ಸಲ್ಲಿಸಬೇಕಾದ ಕೊನೆಯ ದಿನ. ಅಂದು ನೂರಾರು ಊರುಗಳಲ್ಲಿ ಸರ್ಕಾರದ ಖರ್ಚು ವಿರೋಧಿಸಿ, ಟೀ ಪಾರ್ಟಿ ಹೆಸರಿನಲ್ಲಿ ಜನ ಫಲಕ ಹಿಡಿದು ಬೀದಿಗೆ ಬಂದರು. ಕೆಲವು ಕಡೆ ಮಳೆ ಸುರಿಯಿತು, ಅಲ್ಲಿ ಜನ ಕಡಿಮೆ ಸೇರಿದರು. ಮುಂದೆ ನಾಲ್ವರು ಅರ್ಥಶಾಸ್ತ್ರಜ್ಞರು ಆ ಮಳೆಯನ್ನೇ ಹಿಡಿದು ಲೆಕ್ಕ ಹಾಕಿದರು. ಒಂದೇ ಬಗೆಯ ಎರಡು ಪ್ರದೇಶಗಳನ್ನು ಹೋಲಿಸಿದಾಗ, ಆ ದಿನ ಮಳೆ ಬಾರದ ಕಡೆ ಮರುವರ್ಷದ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷಕ್ಕೆ ಹೆಚ್ಚು ಮತ ಬಿದ್ದಿತ್ತು. ಬೀದಿಗಿಳಿದ ಒಬ್ಬೊಬ್ಬರಿಂದಲೂ ಪಕ್ಷಕ್ಕೆ 7ರಿಂದ 14 ಮತ ಹೆಚ್ಚಾಯಿತು ಎಂಬುದು 2013ರಲ್ಲಿ ಪ್ರಕಟವಾದ ಆ ಅಧ್ಯಯನದ ಅಂದಾಜು.

ಟೀ ಪಾರ್ಟಿ ಚಳವಳಿ ತನ್ನ ಪಕ್ಷಕ್ಕೆ ಲಾಭ ತಂದಿತೇ ನಷ್ಟ ತಂದಿತೇ ಎಂಬ ವಾದ ಇಂದಿಗೂ ಮುಗಿದಿಲ್ಲ. ಲಾಭವನ್ನು ಅಲ್ಲಗಳೆಯುವವರು ಈ ಮಳೆಯ ಲೆಕ್ಕವನ್ನು ಮೊದಲು ನೋಡಬೇಕು. ನಷ್ಟದ ಲೆಕ್ಕ ಬೇರೆಯೇ ಇದೆ.

ಚಳವಳಿಯ ಕಿಡಿ ಹೊತ್ತಿದ್ದು ಒಂದು ಟಿವಿ ಕಾರ್ಯಕ್ರಮದಲ್ಲಿ. ಒಬಾಮ ಅಧಿಕಾರ ವಹಿಸಿಕೊಂಡು ತಿಂಗಳಾಗಿತ್ತಷ್ಟೆ. ಬ್ಯಾಂಕುಗಳನ್ನು ಉಳಿಸಲು 70 ಸಾವಿರ ಕೋಟಿ ಡಾಲರ್ ಎತ್ತಿಡುವ ಕಾನೂನು ಹಿಂದಿನ ವರ್ಷವೇ ಬಂದಿತ್ತು. ಮನೆ ಸಾಲ ತೀರಿಸಲಾಗದವರಿಗೆ ನೆರವಾಗುವ ಯೋಜನೆ ಈಗ ಬಂತು. ಫೆಬ್ರುವರಿ 19ರಂದು ಸಿಎನ್‌ಬಿಸಿ ವಾಹಿನಿಯ ರಿಕ್ ಸ್ಯಾಂಟೆಲಿ ಷಿಕಾಗೊದ ವಹಿವಾಟು ಕಟ್ಟೆಯಲ್ಲಿ ನಿಂತು, ಪಕ್ಕದ ಮನೆಯವನ ಸಾಲ ನಾವೇಕೆ ಕಟ್ಟಬೇಕು ಎಂದು ಕೂಗಾಡಿದರು. ಷಿಕಾಗೊದಲ್ಲೂ ಒಂದು ಟೀ ಪಾರ್ಟಿ ಆಗಲಿ ಎಂದರು. 1773ರಲ್ಲಿ ಬ್ರಿಟಿಷರ ತೆರಿಗೆ ವಿರೋಧಿಸಿ ಬಾಸ್ಟನ್ ಬಂದರಿನಲ್ಲಿ ಚಹಾ ಪೆಟ್ಟಿಗೆಗಳನ್ನು ನೀರಿಗೆಸೆದದ್ದು ಅಲ್ಲಿನ ಶಾಲಾ ಮಕ್ಕಳಿಗೂ ಗೊತ್ತು. ಹೆಸರು ಆ ವಾರವೇ ಅಂಟಿಕೊಂಡಿತು.

ಇದೆಲ್ಲ ಉದ್ಯಮಿಗಳಾದ ಕೋಕ್ ಸಹೋದರರ ದುಡ್ಡಿನ ಆಟ, ಫಾಕ್ಸ್ ನ್ಯೂಸ್ ವಾಹಿನಿ ಊದಿದ ಬಲೂನು ಎಂದವರುಂಟು. ದುಡ್ಡೂ ಇತ್ತು, ಪ್ರಚಾರವೂ ಇತ್ತು. ಆದರೆ ಹಾರ್ವರ್ಡ್‌ನ ಥೀಡಾ ಸ್ಕಾಚ್ಪೋಲ್ ಮತ್ತು ವನೆಸಾ ವಿಲಿಯಮ್ಸನ್ ಅಧ್ಯಯನ ನಡೆಸಿದಾಗ ಕಂಡದ್ದು ಸುಮಾರು ಸಾವಿರ ಸ್ಥಳೀಯ ಗುಂಪುಗಳು. ಸದಸ್ಯರಲ್ಲಿ ಹೆಚ್ಚಿನವರು ನಡುವಯಸ್ಸು ದಾಟಿದ ಬಿಳಿಯರು, ಮಧ್ಯಮ ವರ್ಗದವರು. ಸಭೆ ಸೇರಿ ಮಸೂದೆಗಳ ಬಗ್ಗೆ ಚರ್ಚಿಸುತ್ತಿದ್ದರು, ಸ್ಥಳೀಯ ಪಕ್ಷ ಸಮಿತಿಗಳಿಗೆ ಸದಸ್ಯರಾಗುತ್ತಿದ್ದರು. ಸರ್ಕಾರದ ಖರ್ಚನ್ನು ಬಯ್ಯುತ್ತಿದ್ದ ಇವರೇ ತಮ್ಮ ಪಿಂಚಣಿಯನ್ನೂ ವೃದ್ಧರ ಆರೋಗ್ಯ ವಿಮೆಯನ್ನೂ ಬಿಟ್ಟುಕೊಡಲು ತಯಾರಿರಲಿಲ್ಲ. ದುಡಿದವರಿಗೆ ಸಿಗಬೇಕು, ದುಡಿಯದವರಿಗೆ ಬೇಡ ಎಂಬುದು ಅವರ ನಿಲುವು. ಆ ನಿಲುವಿನಲ್ಲಿ ವಲಸಿಗರ ಮೇಲಿನ ಅಸಹನೆ ಬೆರೆತಿತ್ತು ಎಂಬುದನ್ನೂ ಮುಚ್ಚಿಡಬೇಕಿಲ್ಲ. ಆದರೂ ಸಭೆಗೆ ತಪ್ಪದೆ ಬಂದು, ಮನೆಮನೆ ಹತ್ತಿ ಇಳಿದವರ ಶ್ರಮವನ್ನು ಬಾಡಿಗೆಯ ಕೆಲಸ ಎನ್ನಲಾಗದು.

2010ರ ನವೆಂಬರಿನಲ್ಲಿ ಫಲ ಬಂತು. ಪ್ರತಿನಿಧಿ ಸಭೆಯಲ್ಲಿ ರಿಪಬ್ಲಿಕನ್ನರಿಗೆ 63 ಸ್ಥಾನ ಹೆಚ್ಚಾಯಿತು. 1948ರ ನಂತರ ಅಷ್ಟು ದೊಡ್ಡ ಪಲ್ಲಟ ಆಗಿರಲಿಲ್ಲ. ರಾಜ್ಯಗಳ ಶಾಸನಸಭೆಗಳಲ್ಲಿ ಹೆಚ್ಚಾದದ್ದು ಸುಮಾರು 680 ಸ್ಥಾನ. ಹೆಚ್ಚಿನ ರಾಜ್ಯಗಳಲ್ಲಿ ಈ ಸಭೆಗಳೇ ಮಾಡುವ ಕ್ಷೇತ್ರ ಮರುವಿಂಗಡಣೆ ಎದುರಿಗಿದ್ದುದರಿಂದ ಇದರ ಬೆಲೆ ದೊಡ್ಡದು: 2012ರಲ್ಲಿ ದೇಶದ ಒಟ್ಟು ಮತಗಳಲ್ಲಿ ಹಿಂದೆ ಬಿದ್ದರೂ ಪ್ರತಿನಿಧಿ ಸಭೆ ಅವರ ಕೈಯಲ್ಲೇ ಉಳಿಯಿತು.

ಸೆನೆಟ್ ಮಾತ್ರ ಸಿಗಲಿಲ್ಲ. ಏಕೆಂದು ತಿಳಿಯಲು ಅಲ್ಲಿ ಟಿಕೆಟ್ ಹಂಚುವ ರೀತಿ ಗೊತ್ತಿರಬೇಕು. ನಮ್ಮಲ್ಲಿ ಅಭ್ಯರ್ಥಿ ಯಾರೆಂದು ಹೈಕಮಾಂಡ್ ತೀರ್ಮಾನಿಸುತ್ತದೆ. ಅಲ್ಲಿ ಅದಕ್ಕೇ ಬೇರೆ ಚುನಾವಣೆ, ಪ್ರೈಮರಿ. ಎಷ್ಟೋ ರಾಜ್ಯಗಳಲ್ಲಿ ಆ ಪಕ್ಷದವರೆಂದು ಹೆಸರು ನೋಂದಾಯಿಸಿದವರಷ್ಟೇ ಅದರಲ್ಲಿ ಮತ ಹಾಕಬಹುದು. ಉತ್ಸಾಹ ಇದ್ದವರು ಬರುತ್ತಾರೆ, ಉಳಿದವರು ಮನೆಯಲ್ಲಿರುತ್ತಾರೆ.

ಡೆಲವೇರ್ ಪುಟ್ಟ ರಾಜ್ಯ, ಡೆಮಾಕ್ರಟಿಕ್ ಒಲವಿನದು. ಅಲ್ಲಿ ಮೈಕ್ ಕ್ಯಾಸಲ್ ಗವರ್ನರ್ ಆಗಿದ್ದವರು, ಒಂಬತ್ತು ಬಾರಿ ಪ್ರತಿನಿಧಿ ಸಭೆಗೆ ಗೆದ್ದವರು. ಎರಡೂ ಪಕ್ಷದವರ ಮತ ಸೆಳೆಯಬಲ್ಲ ಸೌಮ್ಯ ಸ್ವಭಾವದ ರಿಪಬ್ಲಿಕನ್. ಸೆನೆಟ್ ಸ್ಥಾನ ಅವರಿಗೇ ಎಂದು ಎದುರಾಳಿಗಳೂ ನಂಬಿದ್ದರು. 2010ರ ಸೆಪ್ಟೆಂಬರ್ 14ರ ಪ್ರೈಮರಿಯಲ್ಲಿ ಟೀ ಪಾರ್ಟಿ ಬೆಂಬಲದ ಕ್ರಿಸ್ಟೀನ್ ಓಡಾನಲ್ ಅವರನ್ನು ಶೇ 53–47ರಿಂದ ಸೋಲಿಸಿದರು. ಒಟ್ಟು ಮತ ಹಾಕಿದವರು ಸುಮಾರು 57 ಸಾವಿರ ಮಂದಿ. ನವೆಂಬರಿನಲ್ಲಿ ಮತಗಟ್ಟೆಗೆ ಬಂದವರು 3 ಲಕ್ಷಕ್ಕೂ ಹೆಚ್ಚು. ಹರೆಯದಲ್ಲಿ ಮಾಟಮಂತ್ರದ ಸಹವಾಸ ಮಾಡಿದ್ದೆ ಎಂದು ಓಡಾನಲ್ ಹಿಂದೊಮ್ಮೆ ಹೇಳಿದ್ದ ವಿಡಿಯೊ ಹೊರಬಂದು, ತಾನು ಮಾಟಗಾತಿಯಲ್ಲ ಎಂದು ಜಾಹೀರಾತು ಕೊಡಬೇಕಾಗಿ ಬಂತು. ಡೆಮಾಕ್ರಟಿಕ್ ಅಭ್ಯರ್ಥಿ ಕ್ರಿಸ್ ಕೂನ್ಸ್ 17 ಶೇಕಡಾಂಶದಷ್ಟು ಮುಂದೆ ನಿಂತು ಗೆದ್ದರು.

ಇಂಡಿಯಾನದ ರಿಚರ್ಡ್ ಲೂಗರ್ ಅವರದು ಇನ್ನೂ ನೋವಿನ ಕತೆ. 36 ವರ್ಷ ಸೆನೆಟರ್ ಆಗಿದ್ದವರು, ಸೋವಿಯತ್ ಅಣ್ವಸ್ತ್ರಗಳನ್ನು ಕಳಚಿಸುವ ಯೋಜನೆಗೆ ಹೆಗಲು ಕೊಟ್ಟವರು. ಭಾರತದ ಜೊತೆಗಿನ ಅಣು ಒಪ್ಪಂದಕ್ಕೆ ದಾರಿ ಮಾಡಿದ ಕಾನೂನು 2006ರಲ್ಲಿ ಸೆನೆಟ್ಟಿಗೆ ಬಂದಾಗ ವಿದೇಶಾಂಗ ಸಮಿತಿಯ ಅಧ್ಯಕ್ಷರು ಅವರೇ. ಅದೇ ವರ್ಷದ ಚುನಾವಣೆಯಲ್ಲಿ ಡೆಮಾಕ್ರಟರು ಅವರೆದುರು ಅಭ್ಯರ್ಥಿಯನ್ನೇ ನಿಲ್ಲಿಸಿರಲಿಲ್ಲ. ಎದುರು ಪಕ್ಷದೊಂದಿಗೆ ಹೊಂದಿಕೊಂಡು ಕೆಲಸ ಮಾಡಿದ್ದೇ 2012ರಲ್ಲಿ ಅಪರಾಧವಾಯಿತು. ಪ್ರೈಮರಿಯಲ್ಲಿ ಅವರನ್ನು ಸೋಲಿಸಿದ ರಿಚರ್ಡ್ ಮರ್ಡಾಕ್, ಅತ್ಯಾಚಾರದಿಂದ ಆದ ಗರ್ಭದ ಬಗ್ಗೆ ಚರ್ಚೆಯೊಂದರಲ್ಲಿ ಆಡಿದ ಮಾತಿನಿಂದ ಗೆಲ್ಲಬಹುದಾದ ಸ್ಥಾನವನ್ನು ಕಳೆದುಕೊಂಡರು.

ನೆವಾಡಾ, ಕೊಲರಾಡೊಗಳಲ್ಲೂ ಇಂಥದೇ ಸೋಲು ಎನ್ನುತ್ತಾರೆ, ಅಲ್ಲಿ ವಾದಕ್ಕೆ ಆಸ್ಪದವಿದೆ. ಡೆಲವೇರ್ ಮತ್ತು ಇಂಡಿಯಾನ ವಿಷಯದಲ್ಲಿ ನನಗೆ ಅನುಮಾನವಿಲ್ಲ: ಆ ಎರಡನ್ನು ಪಕ್ಷ ತನ್ನ ಕೈಯಾರೆ ಕಳೆದುಕೊಂಡಿತು.

ಸೋಲುಗಳಿಗಿಂತ ಆಳಕ್ಕೆ ಇಳಿದದ್ದು ಭಯ. 2014ರಲ್ಲಿ ಪಕ್ಷದ ಹಿರಿಯರು ಎಚ್ಚೆತ್ತು ಹಾಲಿ ಸೆನೆಟರುಗಳನ್ನೆಲ್ಲ ಪ್ರೈಮರಿಯಲ್ಲಿ ಉಳಿಸಿಕೊಂಡರು. ಒಂಬತ್ತು ಸ್ಥಾನ ಹೆಚ್ಚಿಸಿಕೊಂಡು ಸೆನೆಟನ್ನೂ ಗೆದ್ದರು. ಆದರೆ ಅದೇ ವರ್ಷ ಜೂನ್ 10ರಂದು ಪ್ರತಿನಿಧಿ ಸಭೆಯ ಬಹುಮತದ ನಾಯಕ ಎರಿಕ್ ಕ್ಯಾಂಟರ್, ಕಾಲೇಜು ಮೇಷ್ಟರಾಗಿದ್ದ ಡೇವ್ ಬ್ರಾಟ್ ಎದುರು ಪ್ರೈಮರಿಯಲ್ಲೇ ಮಣ್ಣುಮುಕ್ಕಿದರು. ಕ್ಯಾಂಟರ್ ಪ್ರಚಾರಕ್ಕೆ ಸುರಿದದ್ದು 50 ಲಕ್ಷ ಡಾಲರಿಗೂ ಹೆಚ್ಚು, ಬ್ರಾಟ್ ಬಳಿ ಇದ್ದದ್ದು ಸುಮಾರು 2 ಲಕ್ಷ. ಎದುರು ಪಕ್ಷಕ್ಕಿಂತ ಸ್ವಂತ ಪಕ್ಷದ ಬಂಡಾಯಗಾರನಿಗೇ ಹೆದರಬೇಕೆಂಬ ಪಾಠವನ್ನು ಸಂಸದರು ಅಂದು ಕಲಿತರು. ಮರುವರ್ಷ ಸ್ವಪಕ್ಷದ ಬಂಡಾಯದ ನಡುವೆಯೇ ಸ್ಪೀಕರ್ ಜಾನ್ ಬೇನರ್ ರಾಜೀನಾಮೆ ಕೊಟ್ಟು ಹೊರನಡೆದರು. 2016ರಲ್ಲಿ ಟ್ರಂಪ್ ಇದೇ ಪ್ರೈಮರಿಯ ಬಾಗಿಲಿನಿಂದಲೇ ಒಳಬಂದರು.

ಅಲಾಸ್ಕದವರು ಮಾತ್ರ ಬೇರೆ ದಾರಿ ಹಿಡಿದರು. 2010ರ ಪ್ರೈಮರಿಯಲ್ಲಿ ಸೆನೆಟರ್ ಲೀಸಾ ಮರ್ಕೌಸ್ಕಿ ಟೀ ಪಾರ್ಟಿಯ ಜೋ ಮಿಲ್ಲರ್ ಎದುರು ಸುಮಾರು 2 ಸಾವಿರ ಮತಗಳಿಂದ ಸೋತರು. ಮತಪತ್ರದಲ್ಲಿ ಹೆಸರಿಲ್ಲದಿದ್ದರೂ ಕಣ ಬಿಡಲಿಲ್ಲ. ಮತದಾರರು ಅವರ ಹೆಸರನ್ನು ಕೈಯಾರೆ ಬರೆಯಬೇಕಿತ್ತು, ಅದೂ ಉದ್ದನೆಯ ಪೋಲಿಷ್ ಹೆಸರು. ಕಾಗುಣಿತ ತಪ್ಪದಿರಲೆಂದು ಹೆಸರು ಅಚ್ಚಾದ ಕೈಪಟ್ಟಿಗಳನ್ನು ಹಂಚಿದರು. ಅಕ್ಷರ ತಪ್ಪಿದ ಮತಗಳನ್ನು ತಿರಸ್ಕರಿಸಿ ಎಂದು ಮಿಲ್ಲರ್ ಕೋರ್ಟಿಗೆ ಹೋದರೂ ಗೆದ್ದವರು ಮರ್ಕೌಸ್ಕಿಯೇ. ಹತ್ತು ವರ್ಷಗಳ ನಂತರ, 2020ರಲ್ಲಿ, ಆ ರಾಜ್ಯದ ಜನ ಪಕ್ಷವಾರು ಪ್ರೈಮರಿಯನ್ನೇ ತೆಗೆದುಹಾಕಿದರು. ಈಗ ಎಲ್ಲ ಪಕ್ಷದವರೂ ಒಂದೇ ಪ್ರೈಮರಿಯಲ್ಲಿ ನಿಲ್ಲುತ್ತಾರೆ, ಎಲ್ಲ ಮತದಾರರೂ ಮತ ಹಾಕುತ್ತಾರೆ, ಮೊದಲ ನಾಲ್ವರು ಅಂತಿಮ ಕಣಕ್ಕೆ ಹೋಗುತ್ತಾರೆ. 2022ರಲ್ಲಿ ಟ್ರಂಪ್ ಬೆಂಬಲದ ಅಭ್ಯರ್ಥಿಯನ್ನು ಸೋಲಿಸಿ ಮರ್ಕೌಸ್ಕಿ ಮತ್ತೆ ಆಯ್ಕೆಯಾದರು. ಈ ಪದ್ಧತಿಯನ್ನು ರದ್ದು ಮಾಡಬೇಕೆಂಬ ಪ್ರಸ್ತಾವವನ್ನು 2024ರಲ್ಲಿ ಮತಕ್ಕೆ ಹಾಕಿದಾಗ, ಅದು ಬಿದ್ದುಹೋದದ್ದು ಸಾವಿರಕ್ಕೂ ಕಡಿಮೆ ಮತಗಳ ಅಂತರದಲ್ಲಿ.