ಮೆಣಸಿನಕಾಯಿ: ಮನೆಯ ಬೀಜ, ಮನೆಯ ಖಾರ

ಜೋಳದ ರೊಟ್ಟಿಯ ಮಗ್ಗುಲಿಗೆ ಕೆಂಪು ಖಾರವಿಲ್ಲದ ಊಟವನ್ನು ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸೀಮೆಯ ನಮ್ಮ ಮನೆಗಳಲ್ಲಿ ಊಟವೆಂದೇ ಎಣಿಸುವುದಿಲ್ಲ. ಆದರೆ ಮೆಣಸಿನಕಾಯಿ ಈ ನೆಲದಲ್ಲಿ ಹುಟ್ಟಿದುದಲ್ಲ. ಅದರ ತವರು ಅಮೆರಿಕಾ ಖಂಡ. ಮೆಕ್ಸಿಕೋ ಮೊದಲಾದ ನಾಡುಗಳ ಜನರು ಸಾವಿರಾರು ವರ್ಷಗಳಿಂದ ಬೆಳೆಯುತ್ತಿದ್ದ ಈ ಗಿಡವು 1492ರ ಬಳಿಕ ಯುರೋಪಿನ ನಾವಿಕರ ಮೂಲಕ ಹೊರಜಗತ್ತಿಗೆ ಬಂದಿತು. 1510ರಲ್ಲಿ ಗೋವೆಯನ್ನು ವಶಪಡಿಸಿಕೊಂಡ ಪೋರ್ಚುಗೀಸರು ಅದೇ ಶತಮಾನದಲ್ಲಿ ಅದನ್ನು ಭಾರತಕ್ಕೆ ತಂದರು. ಅದಕ್ಕೆ ಮೊದಲು ನಮ್ಮ ಅಡಿಗೆಗೆ ಖಾರವನ್ನೀಯುತ್ತಿದ್ದುವು ಕರಿಮೆಣಸು, ಹಿಪ್ಪಲಿ ಮತ್ತು ಶುಂಠಿ.

ಹೊಸ ಕಾಯಿಗೆ ನಮ್ಮ ಹಿರಿಯರು ಹೊರಗಿನ ಹೆಸರನ್ನು ಎರವಲು ತರಲಿಲ್ಲ. ಮೆಣಸಿನಂತೆ ಖಾರವಾದುದರಿಂದ ಮೆಣಸಿನಕಾಯಿ ಎಂದರು. ನೆರೆಯ ತೆಲುಗರು ಮಿರಿಯಾಲಿನ ಹೆಸರಿನಿಂದಲೇ ಮಿರಪಕಾಯ ಎಂದರು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗದ್ವಾಲ್, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಮಹಬೂಬನಗರಕ್ಕೆ ಸೇರಿದಾಗಲೂ ಅಡಿಗೆಮನೆಯ ಈ ಖಾರ ಬದಲಾಗಲಿಲ್ಲ.

ಈಗ ಬದಲಾಗುತ್ತಿರುವುದು ಬೀಜ. ಹೈಬ್ರಿಡ್ ತಳಿಗಳು ಅಧಿಕ ಇಳುವರಿ ಕೊಡುತ್ತವೆಂಬುದು ನಿಜ. ಆದರೆ ಅವುಗಳ ಕಾಯಿಯಿಂದ ತೆಗೆದ ಬೀಜವನ್ನು ಬಿತ್ತಿದರೆ ಗಿಡಗಳು ಒಂದೇ ತೆರನಾಗಿ ಬರುವುದಿಲ್ಲ. ಹೀಗಾಗಿ ರೈತನು ವರ್ಷವರ್ಷವೂ ಬೀಜಕ್ಕೆ ಹಣ ತೆರಬೇಕು. 2021ರಲ್ಲಿ ಕಪ್ಪು ನುಸಿಯ ಹಾವಳಿ ತೆಲಂಗಾಣ, ಆಂಧ್ರ, ಕರ್ನಾಟಕಗಳ ಮೆಣಸಿನ ಹೊಲಗಳನ್ನು ಹಾಳುಮಾಡಿದಾಗ ಹಾಗೆ ತೆತ್ತ ಹಣವೂ ಮಣ್ಣುಪಾಲಾಯಿತು. ಊರಿನ ತಳಿ ಒಮ್ಮೆ ಅಳಿದರೆ ಅದನ್ನು ಅಂಗಡಿಯಲ್ಲಿ ಕೊಳ್ಳಲಾಗದು. ಕಡಿಮೆ ಖಾರ, ಕಡುಗೆಂಪು ಬಣ್ಣಗಳಿಗೆ ಹೆಸರಾದ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರೆಯಿತು. ತಲೆತಲಾಂತರದಿಂದ ಬೀಜವನ್ನು ಆರಿಸಿ ಕಾಪಾಡಿದ ರೈತರಿಂದಲೇ ಅಂತಹ ತಳಿಗಳು ಉಳಿದು ಬಂದಿವೆ.

ಆದುದರಿಂದ ಪ್ರತಿಯೊಂದು ಮನೆಯ ಹಿತ್ತಲಲ್ಲಿಯೂ ಊರ ತಳಿಯ ಹತ್ತಾರು ಗಿಡಗಳಿರಲಿ. ಎಲೆ ಮುದುಡದ, ಸದೃಢವಾದ ಗಿಡಗಳನ್ನು ಬೀಜಕ್ಕೆಂದು ಗುರುತಿಸಬೇಕು. ಕೀಟಗಳು ಪರಾಗವನ್ನು ಬೆರೆಸುವುದರಿಂದ ಬೇರೆ ತಳಿಯ ಹೊಲ ಕನಿಷ್ಠ 200 ಮೀಟರ್ ದೂರವಿರಬೇಕು. ಅಷ್ಟು ಅನುಕೂಲವಿಲ್ಲದಿದ್ದರೆ ಮೊಗ್ಗಿರುವ ಕೊಂಬೆಗೆ ತೆಳುಬಟ್ಟೆಯ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಬಿಚ್ಚಿ, ಆ ಕೊಂಬೆಗೆ ದಾರದ ಗುರುತು ಕಟ್ಟಬೇಕು. ಗಿಡದಲ್ಲಿಯೇ ಪೂರ್ಣ ಕೆಂಪಾದ ಕಾಯಿಗಳನ್ನು ಬಿಡಿಸಿ, ನೆರಳಿನಲ್ಲಿ ಒಣಗಿಸಿ, ಬೀಜ ತೆಗೆದು ತೇವ ತಾಗದಂತೆ ಡಬ್ಬಿಯಲ್ಲಿಡಬೇಕು. ಖಾರವು ಹೆಚ್ಚಾಗಿರುವುದು ಬೀಜ ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ. ಬೀಜ ತೆಗೆದ ಕೈಯನ್ನು ಕಣ್ಣಿಗೆ ತಾಗಿಸಬಾರದು.

ಬಿತ್ತನೆಗೆ ಮೊದಲು ನೂರು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಎರಡು ವಾರಗಳಲ್ಲಿ ಎಷ್ಟು ಮೊಳೆತವೆಂದು ಮಕ್ಕಳಿಂದಲೇ ಎಣಿಸಿರಿ. ಅರುವತ್ತಕ್ಕಿಂತ ಹೆಚ್ಚು ಮೊಳೆತರೆ ಬೀಜ ಯೋಗ್ಯವಾಗಿದೆ. ಮುಂಗಾರಿನ ಮೊದಲಲ್ಲಿ ಏರುಮಡಿಯ ಮೇಲೆ ಸಾಲಾಗಿ, ಅರ್ಧ ಬೆರಳುಗಣ್ಣಿನಷ್ಟು ಆಳಕ್ಕೆ ಬಿತ್ತಿ, ಸುಮಾರು 40 ದಿನಗಳ ಸಸಿಗಳನ್ನು ನಾಟಿ ಮಾಡಬೇಕು. ಮನೆಯ ಹೆಣ್ಣುಮಕ್ಕಳು ಉಳಿದ ಬೀಜದಲ್ಲಿ ಒಂದು ಹಿಡಿಯನ್ನು ನೆರೆಮನೆಗೆ ಕೊಡುವ ವಾಡಿಕೆಯನ್ನು ಬಿಡದಿರಲಿ. ನಮ್ಮ ಹಿತ್ತಲಿನ ಗಿಡ ರೋಗಕ್ಕೆ ತುತ್ತಾದ ವರ್ಷ ಆ ತಳಿ ನಮಗೆ ಮರಳಿ ದೊರೆಯುವುದು ನೆರೆಮನೆಯಿಂದಲೇ.