ಚಿಟ್ಟೆ ಬೇಕೆ? ಈಶ್ವರಿ ಬಳ್ಳಿ ಬಿತ್ತಿ

ಜಾಲಹಳ್ಳಿಯ ಮನೆಯ ಹಿತ್ತಲಲ್ಲಿ ಕರಿಬೇವಿನ ಗಿಡವಿದ್ದರೆ, ಅದರ ಸುತ್ತ ಸುಳಿಯುವ ಕಪ್ಪು ಚಿಟ್ಟೆಯನ್ನು ನೀವು ನೋಡಿರಬಹುದು. ಹಿಂದಿನ ರೆಕ್ಕೆಯಲ್ಲಿ ಬಿಳಿ ಮಚ್ಚೆ, ಅಂಚಿನಲ್ಲಿ ಕೆಂಪು ಚುಕ್ಕಿ. ಅದು ಕಾಮನ್ ಮಾರ್ಮನ್ ಹೆಣ್ಣು. ಆದರೆ ವೇಷ ಅದರದ್ದಲ್ಲ. ಕಾಮನ್ ರೋಸ್ ಎಂಬ ವಿಷದ ಚಿಟ್ಟೆಯಿಂದ ಪಡೆದ ಎರವಲು. ರೋಸ್‌ಗೆ ಆ ವಿಷ ಎಲ್ಲಿಂದ ಬಂತು? ಈಶ್ವರಿ ಬಳ್ಳಿಯಿಂದ.

ಅರಿಸ್ಟೊಲೋಕಿಯಾ ಇಂಡಿಕಾ ಎಂಬುದು ಇದರ ಶಾಸ್ತ್ರೀಯ ಹೆಸರು. ಎಲೆಯಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವನ್ನು ಮರಿಹುಳು ಮೈಯಲ್ಲಿ ಶೇಖರಿಸಿಕೊಳ್ಳುತ್ತದೆ. ಒಮ್ಮೆ ರುಚಿ ನೋಡಿದ ಹಕ್ಕಿ ಮತ್ತೆ ಮುಟ್ಟುವುದಿಲ್ಲ. ಕಾಮನ್ ರೋಸ್, ಕ್ರಿಮ್ಸನ್ ರೋಸ್, ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ – ಈ ಮೂರರ ಮರಿಗಳಿಗೂ ಈ ಕುಟುಂಬದ ಗಿಡ ಬಿಟ್ಟರೆ ಬೇರೆ ಆಹಾರವಿಲ್ಲ.

1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಆರಂಭವಾದಾಗ ಜಾಲಹಳ್ಳಿ ನಗರದ ಹೊರಗಿನ ಹಳ್ಳಿ. ಇಂದು ಬೇಲಿಗಳ ಜಾಗದಲ್ಲಿ ಕಾಂಪೌಂಡ್ ಗೋಡೆಗಳಿವೆ. ಬೇಲಿ ಹೋದರೆ ಅದಕ್ಕೆ ಹಬ್ಬಿದ ಬಳ್ಳಿಯೂ ಹೋಗುತ್ತದೆ. ನಾಟಿ ಮದ್ದಿಗೆಂದು ಬೇರು ಕೀಳುವವರೂ ಇದ್ದಾರೆ.

ಬೆಳೆಸುವುದು ಕಷ್ಟವಲ್ಲ, ತಾಳ್ಮೆ ಬೇಕು. ಕಾಯಿ ಒಣಗಿದಾಗ ತೊಟ್ಟಿನ ಕಡೆಯಿಂದ ಸೀಳಿ, ನೇತುಹಾಕಿದ ಪುಟ್ಟ ಬುಟ್ಟಿಯಂತಾಗುತ್ತದೆ. ಚಪ್ಪಟೆ ಬೀಜಗಳು ಗಾಳಿಗೆ ಹಾರಿಹೋಗುತ್ತವೆ. ಅದಕ್ಕೇ ಬಲಿತ ಕಾಯಿಗೆ ಮೊದಲೇ ತೆಳು ಬಟ್ಟೆ ಕಟ್ಟಬೇಕು. ಹೊಸ ಬೀಜವನ್ನು ಒಂದು ರಾತ್ರಿ ನೆನೆಸಿ, ಮರಳು ಬೆರೆಸಿದ ಕೆಂಪು ಮಣ್ಣಿನಲ್ಲಿ ಮೇಲುಮೇಲೆ ಬಿತ್ತಿ. ನೀರು ನಿಲ್ಲಬಾರದು. ಮೊಳಕೆಗೆ ವಾರಗಳೇ ಹಿಡಿಯಬಹುದು. ಬಳ್ಳಿ ಗಟ್ಟಿಯಾಗುವವರೆಗೆ ಬಲೆ ಹೊದಿಸಿ. ಹಸಿದ ನಾಲ್ಕು ಹುಳು ಎಳೆ ಸಸಿಯನ್ನು ಕಾಂಡಸಹಿತ ಮುಗಿಸಿಬಿಡುತ್ತವೆ. ಆದ್ದರಿಂದ ಒಂದಲ್ಲ, ಐದಾರು ಬಳ್ಳಿ ಇರಲಿ. ಕೀಟನಾಶಕ ಬೇಡವೇ ಬೇಡ.

ಎರಡು ಎಚ್ಚರಿಕೆ. ಹೂವಿನ ಅಂದಕ್ಕೆ ಮರುಳಾಗಿ ಇದೇ ಕುಲದ ಪರದೇಶಿ ಬಳ್ಳಿ ತರಬೇಡಿ. ಆಸ್ಟ್ರೇಲಿಯಾದಲ್ಲಿ ರಿಚ್ಮಂಡ್ ಬರ್ಡ್‌ವಿಂಗ್ ಚಿಟ್ಟೆ ಅಂಥ ಬ್ರೆಜಿಲ್ ಬಳ್ಳಿಯ ಮೇಲೆ ಮೊಟ್ಟೆಯಿಡುತ್ತದೆ. ಎಲೆ ತಿಂದ ಮರಿಗಳು ಸಾಯುತ್ತವೆ. ಎರಡನೆಯದು, ಹಾವಿನ ವಿಷಕ್ಕೆ ಈ ಬೇರು ಮದ್ದೆಂಬ ನಂಬಿಕೆ ಹಳೆಯದು. ಆದರೆ ಅರಿಸ್ಟೊಲೋಕಿಕ್ ಆಮ್ಲ ಮನುಷ್ಯರ ಮೂತ್ರಪಿಂಡವನ್ನು ಕೆಡಿಸುತ್ತದೆ, ಕ್ಯಾನ್ಸರ್ ತರುತ್ತದೆ. ಹಾವು ಕಚ್ಚಿದರೆ ಆಸ್ಪತ್ರೆಯೇ ದಾರಿ.

ಎಲೆ ತೂತಾಯಿತೆಂದು ಕೊರಗಬೇಡಿ. ಈ ಬಳ್ಳಿಯ ಮಟ್ಟಿಗೆ ತೂತು ಬಿದ್ದ ಎಲೆಯೇ ಫಸಲು.